ಝಡ್ ಡ್ರೈವ್‌ನ ಕೀಲಿಕೈ



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ಕಂಪ್ಯೂಟರ್ ಪಂಡಿತನಲ್ಲ. ಆದರೂ ಲ್ಯಾಬಿನಲ್ಲಿ ನಾನು ಕಲಿತ ಒಂದು ಪಾಠವನ್ನು ನಿಮ್ಮ ಮುಂದಿಡುತ್ತೇನೆ.

ಒಂದು ಕಂಪ್ಯೂಟರಿನಲ್ಲಿ ಹಂಚಿಕೆಗೆ ಇಟ್ಟ ಫೋಲ್ಡರನ್ನು ಉಳಿದ ಕಂಪ್ಯೂಟರುಗಳಲ್ಲಿ ಝಡ್ ಡ್ರೈವ್ ಎಂದು ಕಾಣಿಸಬಹುದು. ಇದೇ ನೆಟ್‌ವರ್ಕ್ ಡ್ರೈವ್ ಮ್ಯಾಪ್ ಮಾಡುವುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್ ಯೂಸ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಝಡ್ ಮತ್ತು ಕೋಲನ್, ಎರಡು ಬ್ಯಾಕ್‌ಸ್ಲ್ಯಾಷ್, ಸರ್ವರಿನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಷ್, ಫೋಲ್ಡರಿನ ಹೆಸರು ಕೊಡಬೇಕು. ಇದೇ ಸಾಲನ್ನು ನೋಟ್‌ಪ್ಯಾಡಿನಲ್ಲಿ ಬರೆದು ಬ್ಯಾಟ್ ಫೈಲಾಗಿ ಉಳಿಸಿದರೆ ಸ್ಕ್ರಿಪ್ಟ್ ಸಿದ್ಧ. ಮುಂದೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು.

ಹಿಂದೆ ಒಂದು ಶಾಲೆಯಲ್ಲಿ ನಾನೂ ಹಾಗೆಯೇ ಮಾಡಿದೆ. ಪ್ರತಿ ಸಲ ಪಾಸ್‌ವರ್ಡ್ ಕೊಡುವುದು ಬೇಸರವೆಂದು ಅದನ್ನೂ ಆ ಸಾಲಿನಲ್ಲೇ ಬರೆದುಬಿಟ್ಟೆ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, "ಸರ್, ಇದು ನಿಮ್ಮ ಪಾಸ್‌ವರ್ಡಾ?" ಎಂದು ಮೆಲ್ಲಗೆ ಕೇಳಿದಳು. ಎಲ್ಲ ಮಕ್ಕಳ ಅಂಕಪಟ್ಟಿಯ ಫೋಲ್ಡರೂ ಅದೇ ಪಾಸ್‌ವರ್ಡಿಗೆ ತೆರೆಯುತ್ತಿತ್ತು. ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದವನು ನಾನೇ. ಆ ಮಗು ಹೇಳದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಅಂದೇ ಪಾಸ್‌ವರ್ಡ್ ಬದಲಿಸಿದೆ. ಈಗ ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಮಾತ್ರ ಇಡುತ್ತೇನೆ. ಆಗ ಕಂಪ್ಯೂಟರೇ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡಿದ್ದು ಪರದೆಯ ಮೇಲೆ ಕಾಣುವುದಿಲ್ಲ. ಕೊನೆಯಲ್ಲಿ 'ಪರ್ಸಿಸ್ಟೆಂಟ್ ನೋ' ಎಂದು ಸೇರಿಸಿದರೆ, ಮುಂದಿನ ಸಲ ಲಾಗಿನ್ ಆದಾಗ ಡ್ರೈವ್ ತಾನಾಗಿ ಮರಳಿ ಬರುವುದಿಲ್ಲ. ಪಾಠ ಮುಗಿದ ಮೇಲೆ 'ನೆಟ್ ಯೂಸ್ ಝಡ್' ಜೊತೆಗೆ 'ಡಿಲೀಟ್' ಎಂಬ ಇನ್ನೊಂದು ಸ್ಕ್ರಿಪ್ಟನ್ನು ಓಡಿಸುತ್ತೇನೆ.

ಈ ಡಿಲೀಟ್‌ಗೆ ಹೆದರಬೇಡಿ. ಅದು ಸಂಪರ್ಕವನ್ನಷ್ಟೇ ಕಡಿಯುತ್ತದೆ, ಫೈಲುಗಳನ್ನು ಮುಟ್ಟುವುದಿಲ್ಲ. ಹೆದರಬೇಕಾದದ್ದು ಝಡ್ ಡ್ರೈವ್ ಒಳಗೆ ಫೈಲನ್ನು ಅಳಿಸುವಾಗ. ಅಲ್ಲಿ ಅಳಿಸಿದ್ದು ಸಾಮಾನ್ಯವಾಗಿ ನಿಮ್ಮ ರಿಸೈಕಲ್ ಬಿನ್‌ಗೆ ಬರುವುದಿಲ್ಲ. ಆದ್ದರಿಂದ ವಿದ್ಯಾರ್ಥಿಗಳ ಖಾತೆಗೆ ಓದುವ ಅನುಮತಿ ಮಾತ್ರ ಕೊಟ್ಟಿದ್ದೇನೆ.

ವಿದ್ಯಾರ್ಥಿಗಳೇ, ಝಡ್ ಡ್ರೈವ್ ನಿಮ್ಮ ಪರದೆಯ ಮೇಲೆ ಕಂಡರೂ ಅದು ಎಲ್ಲರ ಸೊತ್ತು. ತೆರೆಯಲು ಕಲಿತಷ್ಟೇ ಶ್ರದ್ಧೆಯಿಂದ ಮುಚ್ಚಲೂ ಕಲಿಯಿರಿ. ತೆರೆದ ಬಾಗಿಲು ಕಂಡರೆ ಆ ಹುಡುಗಿಯಂತೆ ಬಂದು ಹೇಳಿ. ಶಿಕ್ಷಕರಾದ ನಾವು ಕೋಪಿಸಿಕೊಳ್ಳದೆ ಕೇಳಿ ತಿದ್ದಿಕೊಳ್ಳೋಣ.