ಏಪ್ರಿಲ್ ಬಂದರೆ ಎದೆ ಢವಢವ

(ಯಲಹಂಕ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಖಾಸಗಿ ಶಾಲೆಯಲ್ಲಿ ಟೀಚರ್ ಆಗಿರೋರು ಕೈ ಎತ್ತಿ ಅಂದೆ. ಹನ್ನೊಂದು ಕೈ ಎದ್ದವು. ಮುಂದಿನ ಜೂನ್‌ನಲ್ಲೂ ಅದೇ ಶಾಲೆಯಲ್ಲಿ ಇರ್ತೀವಿ ಅನ್ನೋ ಧೈರ್ಯ ಇಲ್ಲದವರು ಕೈ ಇಳಿಸಿ ಅಂದೆ. ಎರಡೇ ಕೈ ಉಳಿದವು. ಇವತ್ತಿನ ಮಾತು ಕೈ ಇಳಿಸಿದ ಒಂಬತ್ತು ಜನರ ಬಗ್ಗೆ.

ಆರ್.ಟಿ. ನಗರದ ಕಡೆಯ ಒಂದು ಸಂಘದಲ್ಲಿ ನಡೆದದ್ದು ಹೇಳ್ತೀನಿ. ಒಬ್ಬ ಸದಸ್ಯೆ ಮೂರನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತಿದ್ದರು. ಏಳು ವರ್ಷ ಒಂದೇ ಶಾಲೆ. ಪ್ರತಿ ಮಾರ್ಚ್‌ನಲ್ಲಿ ‘ಜೂನ್‌ಗೆ ಫೋನ್ ಮಾಡ್ತೀವಿ ಮಿಸ್’ ಅನ್ನೋ ಮಾತು ಬಿಟ್ಟರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಏಪ್ರಿಲ್, ಮೇ ಸಂಬಳವೂ ಇಲ್ಲ. ಒಂದು ವರ್ಷ ಏಪ್ರಿಲ್‌ನಲ್ಲಿ ಅವರು ಸಭೆಗೆ ಬರೋದನ್ನೇ ಬಿಟ್ಟರು. ಸಂಘದವರು ನಿಯಮದ ಪ್ರಕಾರ ಗೈರುಹಾಜರಿಗೆ ದಂಡ ಬರೆದರು. ಪುಸ್ತಕ ನೋಡಿದ ನಾನೂ ಸರಿ ಅಂದೆ. ಆಮೇಲೆ ಮನೆಗೆ ಹೋದಾಗ ಗೊತ್ತಾಯಿತು. ಸಾಲದ ಕಂತು ಕಟ್ಟಲಾಗದ ನಾಚಿಕೆಯಿಂದ ಅವರು ಬಂದಿರಲಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರ, ತಲೆನೋವು, ಮಕ್ಕಳ ಮೇಲೆ ಸಿಡಿಮಿಡಿ. ‘ನನ್ನಲ್ಲೇ ಏನೋ ಕೊರತೆ ಇದೆ ಸಿಸ್ಟರ್’ ಅಂದರು. ಆ ದಂಡಕ್ಕೆ ಸರಿ ಅಂದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಇದು ಒಬ್ಬರ ಕಥೆಯಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಎಷ್ಟೋ ಟೀಚರ್‌ಗಳು ಅರ್ಧ ಸಂಬಳಕ್ಕೆ ಇಳಿದರು, ಎಷ್ಟೋ ಮಂದಿ ತರಕಾರಿ ಮಾರಿದರು. 2021ರ ಜೂನ್‌ನಲ್ಲಿ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ಅದು ಒಂದು ಸಲದ ನೆರವು. ಏಪ್ರಿಲ್ ಮಾತ್ರ ಪ್ರತಿ ವರ್ಷ ಬರುತ್ತದೆ.

ಹಾಗಾದರೆ ನಾವೇನು ಮಾಡಬಹುದು?

ಮೊದಲನೆಯದು, ಕಾಗದ. ನೇಮಕಾತಿ ಪತ್ರ ಕೇಳಿ. ಕೊಡದಿದ್ದರೆ ಸಂಬಳ ಬಂದ ಪಾಸ್‌ಬುಕ್, ಗುರುತಿನ ಚೀಟಿ, ಶಾಲೆ ಕಳಿಸಿದ ಮೆಸೇಜು, ಎಲ್ಲವನ್ನೂ ಜೋಪಾನ ಮಾಡಿ. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳಿಗೆ ಅನ್ವಯಿಸುವ ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಕಲಂ ಪ್ರಕಾರ, ವಿಚಾರಣೆ ನಡೆಸದೆ ನೌಕರರನ್ನು ವಜಾ ಮಾಡುವಂತಿಲ್ಲ. ವಜಾ ಮಾಡಿದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನೇಮಕ ತಾತ್ಕಾಲಿಕ ಎಂದಿದ್ದರೆ ದಾರಿ ಕಷ್ಟ, ವಕೀಲರನ್ನು ಕೇಳಲೇಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ. ಫೋನ್ ನಂಬರ್ 15100.

ಎರಡನೆಯದು, ಗ್ರಾಚ್ಯುಟಿ. ಟೀಚರ್‌ಗಳಿಗೂ ಅದು ಸಿಗಬೇಕೆಂದು 2009ರಲ್ಲಿ ಕಾನೂನು ತಿದ್ದುಪಡಿಯಾಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಶಾಲೆಯಲ್ಲಿ ಐದು ವರ್ಷ ಸತತ ಸೇವೆ ಮಾಡಿ ಬಿಟ್ಟವರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ. ಕೊನೆಯ ಮೂಲ ಸಂಬಳ, ತುಟ್ಟಿಭತ್ಯೆ ಸೇರಿ 13,000 ಇದ್ದು, ಹತ್ತು ವರ್ಷ ದುಡಿದಿದ್ದರೆ 75,000 ರೂಪಾಯಿ. ಕೇಳದೆ ಬಿಟ್ಟು ಬಂದವರು ನಮ್ಮಲ್ಲೇ ಇದ್ದಾರೆ.

ಮೂರನೆಯದು ನಮ್ಮ ಕೈಯಲ್ಲೇ ಇದೆ. ವಾರಕ್ಕೆ 100 ರೂಪಾಯಿ ಬೇರೆಯಾಗಿ ‘ರಜೆ ನಿಧಿ’ ಎಂದು ಜೂನ್‌ನಿಂದ ಮಾರ್ಚ್‌ವರೆಗೆ ಉಳಿಸಿದರೆ 4,000ಕ್ಕೂ ಹೆಚ್ಚಾಗುತ್ತದೆ. ರೇಷನ್ನಿಗಾದರೂ ಆಯಿತು. ಶಾಲೆಯಲ್ಲಿ ದುಡಿಯುವ ಸದಸ್ಯೆಯರಿಗೆ, ಟೀಚರ್ ಇರಲಿ ಆಯಾ ಇರಲಿ, ಆ ಎರಡು ತಿಂಗಳು ಆಂತರಿಕ ಸಾಲಕ್ಕೆ ಬಡ್ಡಿ ಮಾತ್ರ ಸಾಕು, ಅಸಲು ಜೂನ್ ನಂತರ ಎಂದು ನಿರ್ಣಯ ಬರೆಯಿರಿ.

ಮನಸ್ಸಿನ ಭಾರವನ್ನು ಒಳಗೇ ಇಟ್ಟುಕೊಳ್ಳಬೇಡಿ. ನಿದ್ದೆ ಬರದೆ ವಾರಗಟ್ಟಲೆ ಆದರೆ, ಬದುಕೇ ಬೇಡ ಅನ್ನಿಸಿದರೆ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಕೊನೆಗೆ ಒಂದು ಬೇಡಿಕೆ. ಮುಂದಿನ ಸಭೆಗೆ ಯಾರಾದರೂ ಬರದಿದ್ದರೆ ದಂಡ ಬರೆಯುವ ಮೊದಲು ಇಬ್ಬರು ಅವರ ಮನೆಗೆ ಹೋಗಿ ಬನ್ನಿ. ಆ ಟೀಚರ್ ಈಗ ಅದೇ ಸಂಘದ ಲೆಕ್ಕ ಬರೆಯುತ್ತಾರೆ. ದಂಡದ ಕಾಲಂ ತುಂಬುವ ಮೊದಲು ‘ಯಾರು ಹೋಗಿ ನೋಡಿ ಬಂದ್ರಿ?’ ಅಂತ ಕೇಳ್ತಾರೆ.