ಅಂಚಿನ ಓಟಗಾರ

ರಗ್ಬಿ ಆಟವನ್ನು ಕಣ್ಣಾರೆ ಕಂಡವರು ನಮ್ಮ ಶ್ರೋತೃಗಳಲ್ಲಿ ವಿರಳವಾಗಿರಬಹುದು. ಆದುದರಿಂದ ಕ್ಲೈವ್ ಸಲಿವನ್ ಎಂಬ ಆಟಗಾರನ ಚರಿತ್ರೆಯನ್ನು ಹೇಳುವ ಮುನ್ನ ಅವನ ಕಣವನ್ನು ಪರಿಚಯ ಮಾಡಿಕೊಡುವುದು ಯುಕ್ತ.

1895ರಲ್ಲಿ ಉತ್ತರ ಇಂಗ್ಲೆಂಡಿನ ಗಣಿ-ಗಿರಣಿಗಳ ಊರುಗಳ ಕೆಲವು ಸಂಘಗಳು ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸಭೆ ಸೇರಿ ಹಳೆಯ ರಗ್ಬಿ ಸಂಸ್ಥೆಯಿಂದ ಬೇರ್ಪಟ್ಟವು. ಆಟಕ್ಕಾಗಿ ದಿನಗೂಲಿಯನ್ನು ಕಳೆದುಕೊಂಡ ಕಾರ್ಮಿಕನಿಗೆ ಆ ನಷ್ಟವನ್ನು ತುಂಬಿಕೊಡಬೇಕೆ, ಬೇಡವೆ ಎಂಬುದೇ ಮುಖ್ಯ ವಿವಾದ. ತುಂಬಿಕೊಡಬೇಕೆಂದವರ ಆಟವೇ ಮುಂದೆ ರಗ್ಬಿ ಲೀಗ್ ಎನಿಸಿತು. ಇದರಲ್ಲಿ ಪಕ್ಷಕ್ಕೆ 13 ಮಂದಿ. ಚೆಂಡನ್ನು ಹಿಡಿದು ಮುಂದಕ್ಕೆ ಓಡಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ 'ಟ್ರೈ' ಎಂದು ಹೆಸರು. ಕಣದ ಎರಡು ಅಂಚುಗಳಲ್ಲಿ ನಿಲ್ಲುವವರು ವಿಂಗರುಗಳು. ಚೆಂಡು ಕೈಯಿಂದ ಕೈಗೆ ದಾಟಿ ತನ್ನ ಬಳಿಗೆ ಬರುವವರೆಗೂ ಕಾದಿರುವುದು, ಬಂದೊಡನೆ ಗಾಳಿಯಂತೆ ಓಡುವುದು, ಇದೇ ಅವರ ಕಾರ್ಯ.

ಸಲಿವನ್ ಹುಟ್ಟಿದ್ದು 1943ರಲ್ಲಿ, ವೇಲ್ಸ್ ದೇಶದ ಕಾರ್ಡಿಫ್ ನಗರದಲ್ಲಿ. ಬಾಲ್ಯದಲ್ಲಿ ಕಾಲು, ಪಾದ, ಭುಜಗಳಿಗೆ ಶಸ್ತ್ರಚಿಕಿತ್ಸೆಗಳಾಗಿ, ಈ ಹುಡುಗ ಎಲ್ಲರಂತೆ ನಡೆಯುವುದೇ ಸಂದೇಹವೆಂದು ವೈದ್ಯರು ಹೇಳಿದ್ದರಂತೆ. ನಡೆಯಲಾರನೆನಿಸಿಕೊಂಡವನು ಸೈನ್ಯಕ್ಕೆ ಸೇರಿದನು. 1961ರಲ್ಲಿ ಹಲ್ ಎಂಬ ಬಂದರು ಪಟ್ಟಣದ ಸಂಘಕ್ಕಾಗಿ ಪರೀಕ್ಷಾರ್ಥವಾಗಿ, ಹೆಸರನ್ನು ಮರೆಮಾಡಿ ಆಡಿ, ಮೊದಲ ಪಂದ್ಯದಲ್ಲಿಯೇ ಮೂರು ಟ್ರೈಗಳನ್ನು ಗಳಿಸಿದನು.

ಈತನು ಕಪ್ಪು ಮೈಬಣ್ಣದವನು. ಅಂತಹ ತರುಣರಿಗೆ ವೇಲ್ಸಿನ ಹಳೆಯ ರಗ್ಬಿಯಲ್ಲಿ ರಾಷ್ಟ್ರದ ಅಂಗಿ ದಶಕಗಳವರೆಗೆ ದೊರೆಯಲಿಲ್ಲ. ಕಾರ್ಡಿಫಿನವನೇ ಆದ ಬಿಲ್ಲಿ ಬಾಸ್ಟನ್ 1953ರಲ್ಲಿ ಉತ್ತರಕ್ಕೆ ಹೋಗಿ ವಿಗನ್ ಸಂಘದಲ್ಲಿ ಕೀರ್ತಿವಂತನಾಗಿದ್ದನು. ಸಲಿವನ್ ಹಿಡಿದದ್ದೂ ಅದೇ ದಾರಿ. 1972ರಲ್ಲಿ ಅವನು ಬ್ರಿಟನ್ನಿನ ರಗ್ಬಿ ಲೀಗ್ ತಂಡದ ನಾಯಕನಾದನು. ಯಾವುದೇ ಆಟದಲ್ಲಿ ಬ್ರಿಟಿಷ್ ರಾಷ್ಟ್ರೀಯ ತಂಡವೊಂದಕ್ಕೆ ನಾಯಕನಾದ ಕಪ್ಪು ಜನಾಂಗದವರಲ್ಲಿ ಇವನೇ ಮೊದಲಿಗನೆಂದು ಎಣಿಕೆ. ಇಂಗ್ಲೆಂಡಿನ ಕಾಲ್ಚೆಂಡಿನ ಪುರುಷರ ತಂಡ ಈ ಹೆಜ್ಜೆಯನ್ನಿಟ್ಟದ್ದು 1993ರಲ್ಲಿ, ಪಾಲ್ ಇನ್ಸ್ ನಾಯಕನಾದಾಗ. ನಡುವೆ ಕಳೆದ 21 ವರ್ಷಗಳೇ ಈ ಹೆಜ್ಜೆಯ ಬೆಲೆಯನ್ನು ಹೇಳುತ್ತವೆ.

ಅದೇ ವರ್ಷದ ವಿಶ್ವಕಪ್ಪಿನ ಅಂತಿಮ ಪಂದ್ಯ ಫ್ರಾನ್ಸಿನ ಲಿಯಾನ್ ನಗರದಲ್ಲಿ, ಆಸ್ಟ್ರೇಲಿಯದ ಮೇಲೆ ನಡೆಯಿತು. ನಾಯಕನು ತನ್ನ ಕಡೆಯ ಅರ್ಧದಲ್ಲಿ ಚೆಂಡನ್ನು ಹಿಡಿದು ಹೊರಟವನು ಯಾರ ಕೈಗೂ ಸಿಕ್ಕದೆ ಗೆರೆಯನ್ನು ಮುಟ್ಟಿದನು. ಆಟ 10-10ರ ಸಮದಲ್ಲಿ ಮುಗಿಯಲು, ಹಿಂದಿನ ಸುತ್ತಿನಲ್ಲಿ ಮೇಲಿನ ಸ್ಥಾನದಲ್ಲಿದ್ದ ಬ್ರಿಟನ್ನಿಗೆ ಕಪ್ಪು ಸಂದಿತು.

1973-74ರಲ್ಲಿ ಹಲ್ ಸಂಘಕ್ಕೆ ಆಟಗಾರನೂ ತರಬೇತುದಾರನೂ ತಾನೇ ಆಗಿದ್ದನು. ಬಹಳ ಕಾಲದ ಅನಂತರ, 1983ರಲ್ಲಿ, ಡಾನ್‌ಕಾಸ್ಟರ್ ಸಂಘದ ತರಬೇತಿಯೂ ಇವನ ಪಾಲಿಗೆ ಬಂದಿತು. ವಿಂಗರನು ಶಿಕ್ಷಕನಾಗುವುದು ಸುಲಭವಲ್ಲವೆಂದು ನಮಗೆ ತೋರುತ್ತದೆ. ಕಾಲಿನ ವೇಗವನ್ನು ಒಬ್ಬನು ಇನ್ನೊಬ್ಬನಿಗೆ ಧಾರೆಯೆರೆಯಲಾರನು. ಆದರೆ ಚೆಂಡು ಬಾರದ ಹೊತ್ತಿನಲ್ಲಿಯೂ ಸಿದ್ಧನಾಗಿ ನಿಂತಿರುವ ಶಿಸ್ತನ್ನು ಕಲಿಸಬಹುದು; ಅದನ್ನು ಸಲಿವನ್ ತನ್ನ ಬಾಳಿನಲ್ಲಿಯೇ ಕಲಿತಿದ್ದನು. 1982ರಲ್ಲಿ, 39ರ ವಯಸ್ಸಿನಲ್ಲಿ, ಚಾಲೆಂಜ್ ಕಪ್ಪಿನ ಮರುಪಂದ್ಯಕ್ಕೆ ಕರೆ ಬಂದಾಗ ಅವನು ಸಿದ್ಧನಿದ್ದನು. ಹಲ್ ಸಂಘ ವಿಡ್ನೆಸ್ ತಂಡವನ್ನು 18-9ರಿಂದ ಸೋಲಿಸಿತು.

ಹಲ್ ಪಟ್ಟಣವನ್ನು ಅದೇ ಹೆಸರಿನ ನದಿ ಎರಡಾಗಿ ಸೀಳಿದೆ. ಪಶ್ಚಿಮದವರು ಹಲ್ ಸಂಘದವರು, ಪೂರ್ವದವರು ಕಿಂಗ್‌ಸ್ಟನ್ ರೋವರ್ಸ್ ಸಂಘದವರು. ಇವರ ಸ್ಪರ್ಧೆ ದಾಯಾದಿ ಕಲಹದಂತೆ ತಲೆಮಾರುಗಳದು. ಸಲಿವನ್ 1974ರಲ್ಲಿ ನದಿಯನ್ನು ದಾಟಿ ರೋವರ್ಸ್ ಸೇರಿದ್ದನು. ಒಂದು ದಡಕ್ಕೆ 250 ಟ್ರೈ, ಇನ್ನೊಂದಕ್ಕೆ 118. ಎರಡು ಸಂಘಗಳಿಗೂ ನೂರನ್ನು ಮೀರಿಸಿದವನು ಈತನೊಬ್ಬನೇ. ಆದರೂ ದ್ರೋಹಿಯೆಂದು ದೂಷಿತನಾಗದೆ, ಎರಡು ದಡಗಳಿಗೂ ಬೇಕಾದವನಾಗಿ ಉಳಿದನು.

1985ರಲ್ಲಿ ಅರ್ಬುದ ರೋಗ ಅವನನ್ನು 42ನೆಯ ವಯಸ್ಸಿನಲ್ಲಿಯೇ ಒಯ್ದಿತು. ಪಶ್ಚಿಮದಿಂದ ಹಲ್ ಪಟ್ಟಣವನ್ನು ಪ್ರವೇಶಿಸುವ ಹೆದ್ದಾರಿಗೆ ಇಂದು ಅವನ ಹೆಸರಿದೆ. ನಡೆಯುವುದೇ ಸಂದೇಹವೆನಿಸಿಕೊಂಡ ಬಾಲಕನ ಹೆಸರಿನ ದಾರಿಯಲ್ಲಿ ಒಂದು ಊರೇ ದಿನವೂ ನಡೆದಾಡುತ್ತಿದೆ. ಇದಕ್ಕಿಂತ ಉಚಿತವಾದ ಸ್ಮಾರಕವನ್ನು ನಾವು ಕಾಣೆವು.