ಕರೆಂಟ್ ತೆಗೆಯುವ ಮುನ್ನ ಗಾಳಿ ನೋಡುವ ಕೆಲಸ

(ಸಂಘದ ಮಹಿಳಾ ವಿಭಾಗದ ಮಾರ್ಚ್ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ನಿಮ್ಮ ಕೆಲಸದ ಬಗ್ಗೆ ಸ್ವಲ್ಪ ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ತಪ್ಪಿಸಿಕೊಳ್ಳಲು ನೋಡಿದೆ. ಯಾಕೆಂದರೆ ಇಷ್ಟು ವರ್ಷವಾದರೂ ನಮ್ಮ ಅತ್ತೆಯವರಿಗೇ ನನ್ನ ಕೆಲಸ ಏನೆಂದು ಹೇಳಿ ಮುಗಿಸಲು ನನಗೆ ಆಗಿಲ್ಲ. "ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕೆಲಸ" ಎಂದು ಅವರು ಎಲ್ಲರಿಗೂ ಹೇಳಿಬಿಡುತ್ತಾರೆ. ಸುಳ್ಳೇನೂ ಅಲ್ಲ. ಆದರೆ ಆ ಕಂಪ್ಯೂಟರಿನೊಳಗೆ ನಾನು ದಿನವಿಡೀ ನೋಡುವುದು ಹದಿಮೂರು ಸಾವಿರ ಕಿಲೋಮೀಟರ್ ಆಚೆ ಯಾವುದೋ ಗುಡ್ಡದ ಮೇಲೆ ಬೀಸುವ ಗಾಳಿಯನ್ನು.

ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ವಿದ್ಯುತ್ ಕಂಪನಿಗಳೇ ಹವಾಮಾನ ತಜ್ಞರನ್ನು ಕೆಲಸಕ್ಕೆ ಇಟ್ಟುಕೊಂಡಿವೆ. ಮಳೆ ಬರುತ್ತದೆಯೇ ಎಂದು ಹೇಳಲು ಅಲ್ಲ, ಬೆಂಕಿ ಬೀಳುವ ಹವೆ ಬರುತ್ತದೆಯೇ ಎಂದು ಹೇಳಲು. ಅಂಥ ಒಂದು ಕಂಪನಿಯ ತಂಡಕ್ಕೆ ಹೋಗುವ ಅಂಕಿಗಳನ್ನು ಸೋಸಿ, ಸರಿಯಿದೆಯೇ ನೋಡಿ ಕಳಿಸುವುದು ನಮ್ಮ ಗುಂಪಿನ ಕೆಲಸ. ಯಾವ ಕಂಪನಿ ಎಂದು ಹೇಳುವಂತಿಲ್ಲ, ಕೇಳಬೇಡಿ. ಮುನ್ಸೂಚನೆ ಕೊಡುವವರು ಅವರು, ನಾನಲ್ಲ. ಅವರ ರಾತ್ರಿ ನಮ್ಮ ಹಗಲು, ಹನ್ನೆರಡೂವರೆ ಗಂಟೆಯ ವ್ಯತ್ಯಾಸ. ಅವರು ಮಲಗಿದಾಗ ಗಾಳಿ ಮಲಗುವುದಿಲ್ಲವಲ್ಲ, ಅದಕ್ಕೆ ನಾವು.

ಎಂ.ಟೆಕ್ ಓದುವಾಗ ಇಂಥ ಕೆಲಸವಿದೆ ಎಂದೇ ಗೊತ್ತಿರಲಿಲ್ಲ. ಆದರೆ ಈಗ ಯೋಚಿಸಿದರೆ, ಈ ವಿದ್ಯೆಯ ಮೊದಲ ಪಾಠ ನನಗೆ ಆದದ್ದು ಸಾಗರದ ಕಡೆಯ ನಮ್ಮ ತವರಿನಲ್ಲಿ. ತೋಟದ ಮೇಲ್ಗಡೆ ನಮ್ಮ ಸೊಪ್ಪಿನಬೆಟ್ಟ. ಶಿವರಾತ್ರಿಯ ಹೊತ್ತಿಗೆ ಅಲ್ಲಿ ಕಾಲು ಹೂತುಹೋಗುವಷ್ಟು ದರಕು ಬಿದ್ದಿರುತ್ತಿತ್ತು. ಬೆಟ್ಟದ ಮಧ್ಯೆ ಕರೆಂಟ್ ತಂತಿ ಹಾದುಹೋಗಿತ್ತು. ಅಜ್ಜ ಆಳುಗಳನ್ನು ಕರೆದು ಮೊದಲು ಗುಡಿಸಿಸುತ್ತಿದ್ದದ್ದು ಆ ತಂತಿಯ ಕೆಳಗಿನ ದರಕನ್ನು. ಒಂದು ಎಲೆ ತೆಗೆದು ಅಂಗೈಯಲ್ಲಿ ಹಿಸುಕುತ್ತಿದ್ದರು. ಪುಡಿಪುಡಿಯಾದರೆ, "ಇವತ್ತು ಮೂಡಗಾಳಿ ಎದ್ದರೆ ಕಷ್ಟ" ಎನ್ನುತ್ತಿದ್ದರು. ತಂತಿಗೆ ತಂತಿ ತಾಗಿ ಕಿಡಿ ಬೀಳುತ್ತದೆ, ಬೆಟ್ಟ ಹೋದರೆ ತೋಟವೂ ಹೋಗುತ್ತದೆ ಎಂಬುದು ಅವರ ಲೆಕ್ಕ.

ಎಲೆ ಎಷ್ಟು ಒಣಗಿದೆ, ಗಾಳಿ ಎಷ್ಟು, ತಂತಿ ಎಲ್ಲಿದೆ. ನಮ್ಮ ಇಡೀ ಸಾಫ್ಟ್‌ವೇರ್ ಕೇಳುವುದೂ ಈ ಮೂರೇ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಪೊದೆಗಳಿಂದ ಚಿಗುರು ಕತ್ತರಿಸಿ ತಂದು, ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ ಗಿಡದಲ್ಲಿ ಎಷ್ಟು ನೀರಿತ್ತು ಎಂದು ಲೆಕ್ಕ ಹಾಕುತ್ತಾರೆ. ಹಪ್ಪಳ ಸಂಡಿಗೆ ಮಾಡಿದ ನಮಗೆಲ್ಲ ಇದು ಗೊತ್ತಿರುವುದೇ: ಮುರಿದಾಗ ಸದ್ದು ಬಂದರೆ ಒಣಗಿದೆ ಎಂದರ್ಥ. (ಕೋಲ್ಕತ್ತದಲ್ಲಿ ಸಂಡಿಗೆ ಒಣಗಿಸಲು ಹೋಗಿ ಬೂಸ್ಟು ಹಿಡಿಸಿಕೊಂಡವರು ಕೈ ಎತ್ತಿ! ನಾನೂ ಒಬ್ಬಳು.)

ಅಲ್ಲಿಯ ಗಾಳಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಬಂಗಾಳದ ಗಾಳಿ ಕೊಲ್ಲಿಯಿಂದ ನೀರು ಹೊತ್ತು ಬರುತ್ತದೆ. ಅಲ್ಲಿ ಶರತ್ಕಾಲದಲ್ಲಿ ಒಳನಾಡಿನ ಎತ್ತರದ ಮರಳುಗಾಡಿನಿಂದ ಗಾಳಿ ಬೆಟ್ಟ ದಾಟಿ ಸಮುದ್ರದ ಕಡೆಗೆ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ, ಬಿಸಿಯಾದಂತೆ ಅದರ ತೇವಾಂಶದ ಪ್ರಮಾಣ ಕುಸಿಯುತ್ತದೆ. ನಮ್ಮಲ್ಲಿ ಜುಲೈಯಲ್ಲಿ ಶೇಕಡಾ 85 ಇರುವ ಜಾಗದಲ್ಲಿ ಅಲ್ಲಿ ಶೇಕಡಾ 10. ಬೇಸಿಗೆಯಿಡೀ ಮಳೆ ಕಾಣದ ಹುಲ್ಲಿನ ಮೇಲೆ ಇಂಥ ಗಾಳಿ, ಅದರ ನಡುವೆ ಕರೆಂಟ್ ತಂತಿ. 2007ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೋ ಕಡೆ ದೊಡ್ಡ ಬೆಂಕಿಗಳಾದ ಮೇಲೆ ಅಲ್ಲಿಯ ವಿದ್ಯುತ್ ಕಂಪನಿ ಗುಡ್ಡಗುಡ್ಡದ ಮೇಲೆ ತನ್ನದೇ ಗಾಳಿಮಾಪಕಗಳನ್ನು ನಿಲ್ಲಿಸಿತು. ಗಾಳಿ ಮಿತಿ ಮೀರುವ ಸೂಚನೆಯಿದ್ದರೆ ಮೊದಲೇ ಕರೆಂಟ್ ತೆಗೆಯುವ ಪದ್ಧತಿಯೂ ಅಲ್ಲಿಂದ ಬೆಳೆಯಿತು.

ಕೇಳಲು ಸುಲಭ. ಗಾಳಿ ಬರುತ್ತೆ, ಕರೆಂಟ್ ತೆಗಿ. ಆದರೆ 2018ರ ನವೆಂಬರಿನಲ್ಲಿ ಏನಾಯಿತು ಕೇಳಿ. ಉತ್ತರ ಕ್ಯಾಲಿಫೋರ್ನಿಯಾದ ಪಿಜಿ ಅಂಡ್ ಇ ಕಂಪನಿ, 8ನೇ ತಾರೀಖು ಗಾಳಿಯ ಕಾರಣಕ್ಕೆ ಕರೆಂಟ್ ತೆಗೆಯಬೇಕಾಗಬಹುದು ಎಂದು ಜನರಿಗೆ ಮುಂಚೆಯೇ ತಿಳಿಸಿತ್ತು. ಆಮೇಲೆ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ ಎಂದು ತೆಗೆಯಲಿಲ್ಲ. ಅದೇ ದಿನ ಬೆಳಿಗ್ಗೆ ಅವರ ಒಂದು ದೊಡ್ಡ ಲೈನಿನ ಗೋಪುರದಲ್ಲಿ, ಸುಮಾರು ನೂರು ವರ್ಷ ಹಳೆಯ ಸವೆದ ಕೊಕ್ಕೆಯೊಂದು ಮುರಿದು ತಂತಿ ಜಾರಿತು. ಪ್ಯಾರಡೈಸ್ ಎಂಬ ಊರು ಕೆಲವೇ ಗಂಟೆಗಳಲ್ಲಿ ಸುಟ್ಟುಹೋಯಿತು. 85 ಜನ ಸತ್ತರು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: ಅಂಥ ದೊಡ್ಡ ಲೈನು ಆಗಿನ ಯೋಜನೆಯಲ್ಲಿ ಸೇರಿರಲಿಲ್ಲ, ಅಂದು ಕರೆಂಟ್ ತೆಗೆದಿದ್ದರೂ ಆ ತಂತಿಯಲ್ಲಿ ಹರಿಯುತ್ತಲೇ ಇರುತ್ತಿತ್ತು. ಕಂಪನಿ 2020ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ಮರುವರ್ಷ ಎಲ್ಲರೂ ಹೆದರಿದ್ದರು. 2019ರ ಅಕ್ಟೋಬರ್ ನೆನಪಿದೆಯೇ? 6ಕ್ಕೆ ಅಷ್ಟಮಿ, 8ಕ್ಕೆ ದಶಮಿ. ಇಡೀ ಕೋಲ್ಕತ್ತ ಚಂದನ್‌ನಗರದ ದೀಪಗಳಲ್ಲಿ ಮುಳುಗಿತ್ತು. ಅದೇ ದಿನಗಳಲ್ಲಿ ಅಲ್ಲಿ ಮೂರು ದಿನ ಮುಂಚಿನ ಮುನ್ಸೂಚನೆ, ಎರಡು ದಿನ ಮುಂಚಿನದು ಎಂದು ಗಾಳಿಯ ನಕ್ಷೆಗಳು ಕೆಂಪಾಗುತ್ತಾ ಬಂದವು. ಪಂಡಾಲಿನ ಸಾಲಿನಲ್ಲಿ ನಿಂತು ನಾನು ಫೋನಿನಲ್ಲಿ ಆ ನಕ್ಷೆ ನೋಡುತ್ತಿದ್ದೆ. ನಮ್ಮೆಜಮಾನರು ಬೈದರು. 9ನೇ ತಾರೀಖು ಅಲ್ಲಿಯ ನಡುರಾತ್ರಿ, ನಮ್ಮಲ್ಲಿ ಮಧ್ಯಾಹ್ನ, ಪಿಜಿ ಅಂಡ್ ಇ ಸರ್ಕ್ಯೂಟುಗಳನ್ನು ಒಂದೊಂದಾಗಿ ತೆಗೆಯತೊಡಗಿತು. ಆ ಸುತ್ತಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕತ್ತಲೆ. ಮನೆ ಅಂಗಡಿ ಎಲ್ಲ ಸೇರಿ ಒಂದು ಮೀಟರಿಗೆ ಒಬ್ಬ ಗ್ರಾಹಕ ಎಂದು ಲೆಕ್ಕ, ಜನ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ.

ಅದೇ ಮಧ್ಯಾಹ್ನ ನಾನೊಂದು ತಪ್ಪು ಮಾಡಿದೆ. ನಮ್ಮ ಕ್ಲೈಂಟಿನ ಪ್ರದೇಶದಲ್ಲೂ ಗಾಳಿ ಎದ್ದಿತ್ತು. ಒಂದು ಗುಡ್ಡದ ಮಾಪಕ ಮೂರು ಗಂಟೆಗಳಿಂದ ಸೊನ್ನೆ ತೋರಿಸುತ್ತಿತ್ತು. ಆ ಮಾಪಕ ವಾರಗಳಿಂದ ಸುಮ್ಮಸುಮ್ಮನೆ ಅಲಾರಂ ಹೊಡೆದು ತಲೆ ತಿಂದಿದ್ದರಿಂದ, ಪೂಜೆ ಮುಗಿಯಲಿ ಆಮೇಲೆ ನೋಡೋಣ ಎಂದು ನಾನೇ ಅದರ ಅಲಾರಂ ಬಂದ್ ಮಾಡಿದ್ದೆ. ಸೊನ್ನೆ ಎಂದರೆ ನಮ್ಮ ಪ್ರೋಗ್ರಾಮಿಗೆ "ಗಾಳಿ ಇಲ್ಲ, ಎಲ್ಲ ಶಾಂತ" ಎಂದರ್ಥ. ನಿಜವಾಗಿ ಅಲ್ಲಿ ಮಾಪಕವೇ ಕೆಟ್ಟು ನಿಂತಿತ್ತು. ಆ ಕಡೆ ರಾತ್ರಿ ಪಾಳಿಯಲ್ಲಿದ್ದ ಹವಾಮಾನ ತಜ್ಞೆ ಒಂದೇ ಸಾಲು ಬರೆದು ಕಳಿಸಿದರು: ಎಡಬಲದ ಎರಡು ಗುಡ್ಡಗಳಲ್ಲಿ ಮರ ಅಲುಗಾಡುತ್ತಿದೆ, ನಡುವಿನದು ಮಾತ್ರ ಯಾಕೆ ನಿದ್ದೆ ಮಾಡುತ್ತಿದೆ? ಓದಿ ಕೈ ತಣ್ಣಗಾಯಿತು. ಆಕೆ ಕಣ್ಣಿಂದ ಹಿಡಿದಿದ್ದರಿಂದ ಏನೂ ಆಗಲಿಲ್ಲ. ಕೆಳಗಿನ ಕಣಿವೆಯಲ್ಲಿ ಎಷ್ಟು ಮನೆಗಳಿವೆ ಎಂದು ಆ ರಾತ್ರಿ ನಕ್ಷೆಯಲ್ಲಿ ಎಣಿಸಿದೆ. ಎಣಿಸಬಾರದಿತ್ತು.

ಆಮೇಲೆ ನಾನು ಅನ್ನಾ ಮಣಿಯವರ ಬಗ್ಗೆ ಓದಿದೆ. 1918ರಲ್ಲಿ ತಿರುವಾಂಕೂರಿನ ಪೀರ್‌ಮೇಡಿನಲ್ಲಿ ಹುಟ್ಟಿದವರು, ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದವರು. 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿ ಅವರು ಮಾಡಿದ್ದು ಭವಿಷ್ಯ ಹೇಳುವ ಕೆಲಸವಲ್ಲ, ಮಾಪಕಗಳನ್ನು ಸರಿಯಾಗಿ ಮಾಡಿಸುವ ಕೆಲಸ. ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಪ್ರಮಾಣಬದ್ಧಗೊಳಿಸಿದರು. ಟಿವಿಯಲ್ಲಿ ಬರುವ ಕೆಲಸವಲ್ಲ. ಆದರೂ ನಮ್ಮ ಹೆಣ್ಣುಮಕ್ಕಳಿಗೆ ಮಹಿಳಾ ದಿನಕ್ಕೆ ಹೇಳಲು ಇವರಿಗಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ.

ಇಷ್ಟು ಹೊತ್ತು ಕರೆಂಟ್ ತೆಗೆಯುವವರ ಕಡೆ ನಿಂತು ಮಾತಾಡಿದೆ. ಕತ್ತಲೆಯಲ್ಲಿ ಕೂತವರ ಕಡೆ ನಿಲ್ಲುವ ಸರದಿ ಏಳು ತಿಂಗಳಲ್ಲೇ ಬಂತು. 2020ರ ಮೇ 20. ಅಂಫಾನ್.

"ಸೈಕ್ಲೋನ್" ಎಂಬ ಪದವನ್ನು ಟಂಕಿಸಿದ ಹೆನ್ರಿ ಪಿಡಿಂಗ್ಟನ್ ಇದ್ದದ್ದು ಇದೇ ಊರಿನಲ್ಲಿ. 1864ರ ಚಂಡಮಾರುತ ಈ ಊರನ್ನು ಹಾಳುಗೆಡವಿದ ಮೇಲೆ, 1875ರಲ್ಲಿ ಹುಟ್ಟಿದ ಭಾರತದ ಹವಾಮಾನ ಇಲಾಖೆಯ ಮೊದಲ ಕೇಂದ್ರವೂ ಇಲ್ಲೇ. ಅಂಫಾನ್ ವಿಷಯದಲ್ಲಿ ಇಲಾಖೆ ಎಡವಲಿಲ್ಲ. ಅದು ಸುಂದರಬನದ ಕಡೆ ದಡ ಮುಟ್ಟುತ್ತದೆ ಎಂದು ದಿನಗಳ ಮುಂಚೆಯೇ ಹೇಳಿದ್ದರು, ಲಕ್ಷಾಂತರ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು. ನಾನೂ ಮೇಣದಬತ್ತಿ ತಂದಿಟ್ಟಿದ್ದೆ, ಬಕೆಟ್ ತುಂಬಿಸಿದ್ದೆ. ನಗರದಲ್ಲೇ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಗಾಳಿ ಸಂಜೆಯಿಡೀ ಕಿಟಕಿಗಳನ್ನು ಬಡಿಯಿತು. ರಾತ್ರಿ ಕರೆಂಟ್ ಹೋಯಿತು.

ನಮ್ಮ ಬೀದಿಗೆ ಅದು ವಾಪಸು ಬಂದದ್ದು ಐದನೆಯ ದಿನ. ಕರೆಂಟ್ ಇಲ್ಲದಿದ್ದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ನಾಲ್ಕನೇ ಮಹಡಿಗೆ ನೀರಿಲ್ಲ. ಲಾಕ್‌ಡೌನ್ ಬೇರೆ. ಅತ್ತೆಯವರ ಇನ್ಸುಲಿನ್ ಫ್ರಿಜ್ಜಿನಲ್ಲಿತ್ತು. ಅದನ್ನು ಮಣ್ಣಿನ ಮಡಕೆಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದೆ. ಕೆಳಗಿನ ಮನೆಯ ಮಾಶಿಮಾಗೆ ಉಬ್ಬಸ, ನೆಬ್ಯುಲೈಜರ್ ಇಲ್ಲದೆ ಆಗದು. ಮೂರನೇ ರಾತ್ರಿ ಅವರ ಮಗ ಕಾರಿನ ಬ್ಯಾಟರಿಗೆ ಇನ್ವರ್ಟರ್ ಸಿಕ್ಕಿಸಿ ಅದನ್ನು ಓಡಿಸಿದರು. ನಾವೆಲ್ಲ ಮೆಟ್ಟಿಲ ಮೇಲೆ ಕೂತು ಆ ಯಂತ್ರದ ಸದ್ದು ಕೇಳುತ್ತಿದ್ದೆವು. ಯಾರಿಗೆ ಫೋನ್ ಮಾಡಿದರೂ ಸಿಗುತ್ತಿರಲಿಲ್ಲ, ಸಿಕ್ಕರೂ "ಇವತ್ತು ಬರಬಹುದು" ಎನ್ನುತ್ತಿದ್ದರು. ಬೀದಿಬೀದಿಯಲ್ಲಿ ಮರಗಳು ತಂತಿಗಳ ಮೇಲೆ ಮಲಗಿದ್ದವು, ತೆಗೆಯಲು ಸೇನೆಯೇ ಬರಬೇಕಾಯಿತು. ಅವರ ಕಷ್ಟವೂ ಗೊತ್ತಾಗುತ್ತಿತ್ತು. ಆದರೆ ಬೆಳಿಗ್ಗೆ ಬರುತ್ತದೋ, ಮೂರು ದಿನ ಬರುವುದಿಲ್ಲವೋ ಎಂದು ಗೊತ್ತಿದ್ದರೆ ಮಾಶಿಮಾರನ್ನು ಮೊದಲ ದಿನವೇ ಅವರ ಮಗಳ ಮನೆಗೆ ಕಳಿಸಬಹುದಿತ್ತು. ಚಂಡಮಾರುತದ ದಾರಿಯನ್ನು ಕರಾರುವಾಕ್ಕಾಗಿ ಹೇಳಬಲ್ಲ ಕಾಲದಲ್ಲಿ, ನಮ್ಮ ಮೀಟರಿಗೆ ಕರೆಂಟ್ ಯಾವಾಗ ಎಂದು ಹೇಳುವವರು ಯಾರೂ ಇರಲಿಲ್ಲ.

ಕೆಲಸಕ್ಕೆ ವಾಪಸಾದ ಮೇಲೆ ನಮ್ಮ ಪಟ್ಟಿಗಳನ್ನು ನೋಡುವ ನನ್ನ ಕಣ್ಣು ಬದಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ವೈದ್ಯಕೀಯ ಯಂತ್ರ ಅವಲಂಬಿಸಿದ ಮನೆಗಳಿಗೆ ಪ್ರತ್ಯೇಕ ನೋಂದಣಿಯಿದೆ, ಕರೆಂಟ್ ತೆಗೆಯುವ ಮುನ್ನ ಅವರಿಗೆ ತಿಳಿಸಲೇಬೇಕು. ನನಗೆ ಅದು ಅಷ್ಟು ದಿನ ಒಂದು ಕಾಲಂ ಆಗಿತ್ತು, ಹೌದು ಅಥವಾ ಇಲ್ಲ. ಈಗ ಪ್ರತಿ "ಹೌದು" ಕೂಡ ಮಾಶಿಮಾ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ: ಗಾಳಿ ನಿಂತ ತಕ್ಷಣ ಸ್ವಿಚ್ ಒತ್ತುವಂತಿಲ್ಲ. ಹಗಲು ಬೆಳಕಿನಲ್ಲಿ ಲೈನಿನ ಉದ್ದಕ್ಕೂ ನಡೆದೋ ಹೆಲಿಕಾಪ್ಟರಿನಲ್ಲಿ ಹಾರಿಯೋ, ಎಲ್ಲೂ ಕೊಂಬೆ ಬಿದ್ದಿಲ್ಲ, ತಂತಿ ಜೋತಿಲ್ಲ ಎಂದು ನೋಡಬೇಕು. ಹಾಗಾಗಿ ಗಾಳಿ ಯಾವಾಗ ಏಳುತ್ತದೆ ಎಂಬಷ್ಟೇ, ಯಾವಾಗ ಮಲಗುತ್ತದೆ ಎಂಬುದೂ ಮುಖ್ಯ. ಆ ಎರಡನೆಯ ಅಂಕಿಯ ತಪ್ಪು ಕಡಿಮೆ ಮಾಡುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡೆ. ಅದರ ಮೇಲೆ ಯಾರಿಗೂ ಅಷ್ಟು ಆಸೆ ಇರಲಿಲ್ಲ, ಬೇಗ ಸಿಕ್ಕಿತು.

ಹಾಗಾದರೆ ಮೊದಲೇ ಕರೆಂಟ್ ತೆಗೆಯುವುದು ಸರಿಯೋ ತಪ್ಪೋ ಎಂದು ನೀವು ಕೇಳಬಹುದು. ಆ ತಜ್ಞೆಯನ್ನು ನಾನೂ ಒಮ್ಮೆ ಕೇಳಿದೆ. ತೆಗೆದು ಬೆಂಕಿ ಬೀಳದಿದ್ದರೆ ಎಲ್ಲರೂ ಬೈಯುತ್ತಾರೆ, ಬೈಸಿಕೊಂಡ ದಿನ ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ ಎಂದರು. ನನಗೆ ಇನ್ನೂ ಅಷ್ಟು ಖಚಿತವಿಲ್ಲ. ತಂತಿಯನ್ನು ನೆಲದಡಿ ಹಾಕುವುದು, ಹಳೆಯ ಕೊಕ್ಕೆ ಬದಲಿಸುವುದು, ಕೊಂಬೆ ಕಡಿಯುವುದು ಇದೆಲ್ಲ ದುಬಾರಿ ಕೆಲಸ. ಆ ಖರ್ಚಿನ ಬದಲು ಗ್ರಾಹಕರ ಮನೆಯ ಕತ್ತಲೆಯೇ ಅಗ್ಗ ಎಂದು ಯಾವ ಕಂಪನಿಗಾದರೂ ಅನ್ನಿಸಿಬಿಟ್ಟರೆ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ನಮ್ಮ ಕರ್ನಾಟಕದಲ್ಲೂ ಈ ಬೆಂಕಿ ದೂರವಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಜೋತುಬಿದ್ದ ತಂತಿಯಿಂದ ಕಬ್ಬಿನ ಗದ್ದೆ ಸುಟ್ಟ ಸುದ್ದಿ ಬೇಸಿಗೆಯಲ್ಲಿ ಪತ್ರಿಕೆ ತೆರೆದರೆ ಇದ್ದೇ ಇರುತ್ತದೆ. ಕಾಡಿಗೆ ಬೆಂಕಿ ಬಿದ್ದ ಮೇಲೆ ಉಪಗ್ರಹ ನೋಡಿ ಎಚ್ಚರಿಸುವ ವ್ಯವಸ್ಥೆ ಭಾರತೀಯ ಅರಣ್ಯ ಸರ್ವೇಕ್ಷಣದಲ್ಲಿದೆ. ಲೈನು, ದರಕು, ಗಾಳಿ ಮೂರನ್ನೂ ಒಟ್ಟಿಗೆ ನೋಡುವ ಮೇಜು ಒಂದು ದಿನ ನಮ್ಮ ಮಲೆನಾಡಿನ ಯಾವುದಾದರೂ ಊರಲ್ಲಿ ಬಂದರೆ, ನಾನು ವರ್ಗಾವಣೆ ಕೇಳುವವಳೇ.

ಈಗ ಕಾಲ್‌ಬೈಶಾಖಿಯ ಕಾಲ ಶುರುವಾಗುತ್ತಿದೆ. ಸಂಜೆ ವಾಯವ್ಯದಲ್ಲಿ ಕಪ್ಪು ಮೋಡ ಕಂಡರೆ ನಮಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಗಂಟೆ. ನಮ್ಮ ಕಟ್ಟಡದ ಲಿಫ್ಟಿನ ಪಕ್ಕ ಒಂದು ಕಾಗದ ಅಂಟಿಸಿದ್ದೇವೆ: ಯಾರ ಮನೆಯಲ್ಲಿ ಯಂತ್ರವಿದೆ, ಯಾರ ಮನೆಯಲ್ಲಿ ಫ್ರಿಜ್ಜಿನ ಔಷಧಿ, ಯಾರ ಬಳಿ ಇನ್ವರ್ಟರ್. ಮೊದಲ ಸಾಲಿನಲ್ಲಿ ಮಾಶಿಮಾ ಅವರೇ ಬಂಗಾಳಿಯಲ್ಲಿ ತಮ್ಮ ಹೆಸರು ಬರೆದರು. ಎರಡನೇ ಸಾಲಿನಲ್ಲಿ ನಮ್ಮ ಅತ್ತೆ, ಕನ್ನಡದಲ್ಲಿ. ನಿಮ್ಮ ನಿಮ್ಮ ಕಟ್ಟಡದಲ್ಲೂ ಒಂದು ಅಂಟಿಸುವುದಾದರೆ ಮಾದರಿ ನನ್ನ ಬಳಿ ಇದೆ, ಕಾಫಿಯ ಹೊತ್ತಿಗೆ ಕೇಳಿ, ವಾಟ್ಸ್‌ಆ್ಯಪ್ ಮಾಡುತ್ತೇನೆ.